ಗೆದ್ದವರಿಗೆ ಚಿಕ್ಕದಾಗುವ ಕೋಣೆ

ಮನೆಯ ಮುಂದಿನ ಕೋಣೆಯನ್ನು ಚುನಾವಣೆಗೆ ಬಿಟ್ಟುಕೊಟ್ಟ ಸಂಗತಿ ಟೈಲರಮ್ಮನಿಗೆ ತಿಳಿದದ್ದು ಎಲ್ಲರಿಗಿಂತ ಕೊನೆಗೆ. ಅವಳು ಬೀದಿ ನಲ್ಲಿಯಿಂದ ನೀರು ಹೊತ್ತು ಬರುವಷ್ಟರಲ್ಲಿ ಇಬ್ಬರು ಅಪರಿಚಿತರು ಅವಳ ಬಟ್ಟೆ ಕತ್ತರಿಸುವ ಮೇಜನ್ನು ಆಚೆಗೊಬ್ಬರು ಈಚೆಗೊಬ್ಬರು ಹಿಡಿದು ಕೋಣೆಯ ನಡುವಿಗೆ ಎಳೆಯುತ್ತಿದ್ದರು. ಮೇಜಿನ ಮೇಲಿದ್ದ ಬಟ್ಟೆ ನೆಲದ ಪಾಲಾಗಿತ್ತು. ಮಗ ಹೊಲಿಗೆ ಯಂತ್ರವನ್ನು ದರದರನೆ ನಡುಮನೆಗೆ ಸಾಗಿಸುತ್ತಿದ್ದ.

"ಏನೋ ಇದು?"

"ಸ್ವಲ್ಪ ದಿನ ಅಷ್ಟೇ ಅಮ್ಮ. ಅಣ್ಣನ ವಾರ್ಡ್ ಆಫೀಸು."

"ಯಾವ ಅಣ್ಣ?"

"ಅಣ್ಣ ಅಂದ್ರೆ ಅಣ್ಣ."

ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದ ಮಗಳು ಬಾಯಿತುಂಬ ನೊರೆ ಇಟ್ಟುಕೊಂಡೇ ಹೇಳಿದಳು: "ನನಗಿರೋದು ಒಬ್ಬನೇ ಅಣ್ಣ. ಅವನೇ ಜಾಸ್ತಿಯಾಗಿದಾನೆ."

"ಅಲ್ಲಿವರೆಗೆ ನಾನೆಲ್ಲಿ ಕೂತು ಹೊಲೀಲಿ? ನಿನ್ನ ಅಣ್ಣನ ತಲೆ ಮೇಲಾ?"

ಮೇಜು ಹಿಡಿದವರಲ್ಲೊಬ್ಬ ಗಂಭೀರವಾಗಿ ಹೇಳಿದ: "ಹಾಗನ್ನಬೇಡಿ ಅಕ್ಕ. ಅಣ್ಣನ ತಲೆ ಮೇಲೆ ಈಗಾಗಲೇ ಬಹಳ ಜವಾಬ್ದಾರಿ ಇದೆ."

ಅಣ್ಣ ಎಂದರೆ ಸಿಮೆಂಟಿನ ವ್ಯಾಪಾರಿ. ಹಿಂಬಾಲಕರಿಗೆ ಬರೀ ಅಣ್ಣ, ಬೆನ್ನ ಹಿಂದೆ ಎಲ್ಲರಿಗೂ ಸಿಮೆಂಟಣ್ಣ. ಬಡಾವಣೆಯ ದೊಡ್ಡ ಮೋರಿಗೆ ಅವನು ಕಟ್ಟಿಸಿದ ಗೋಡೆ ಮೊದಲ ಮಳೆಗೇ ಮೋರಿಯೊಳಗೆ ಕೂತಿತ್ತು. ಅಂಥ ಅನುಭವದ ಬಲದ ಮೇಲೆ ಈ ಸಲ ವಿಧಾನಸಭೆಗೆ ನಿಂತಿದ್ದ. ಎದುರಿಗಿದ್ದವರು ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಡಾಕ್ಟರು. ಟೈಲರಮ್ಮನ ಮಗ ಪದವಿ ಮುಗಿಸಿದವನು, ಕೆಲಸ ಹುಡುಕುವುದನ್ನೇ ಕೆಲಸ ಮಾಡಿಕೊಂಡವನು. "ಗೆದ್ದ ಮೇಲೆ ನಿನ್ನ ವಿಷಯ ನೋಡೋಣ" ಎಂಬ ಒಂದು ಮಾತಿಗೆ ಅಮ್ಮನ ಕೋಣೆಯನ್ನು ಕೊಟ್ಟುಬಂದಿದ್ದ.

ಆ ಮನೆ ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು: ಮುಂದಿನ ಕೋಣೆ, ನಡುಮನೆ, ಅಡುಗೆಮನೆ. ಕಿಟಕಿ ಎಂಬುದು ಇದ್ದದ್ದು ಮುಂದಿನ ಕೋಣೆಗೆ ಮಾತ್ರ. ಬೆಳಗ್ಗೆಯಿಂದ ಸಂಜೆಯವರೆಗೆ ಬೀದಿಯ ಬೆಳಕು ನೇರವಾಗಿ ಸೂಜಿಯ ಮೇಲೆ ಬೀಳುತ್ತಿತ್ತು. ಅದೇ ಕಿಟಕಿಯ ಹತ್ತಿರ ಹೆಂಗಸರು ನಿಂತು ತೋಳು ಬಿಗಿಯಾಯಿತು, ಕೊರಳು ಆಳವಾಯಿತು ಎಂದು ಜಗಳವಾಡಿ, ಊರ ಸುದ್ದಿ ಹೇಳಿ ಹೋಗುತ್ತಿದ್ದರು. ಗಂಡ ಬಸ್ಸಿನ ಕಂಡಕ್ಟರು. ಅವರ ಸಂಬಳ ಊಟಕ್ಕೆ, ಇವಳ ಹೊಲಿಗೆ ಉಳಿದ ಎಲ್ಲದಕ್ಕೆ. ಉಳಿದ ಎಲ್ಲದರಲ್ಲಿ ಮಗಳ ಕಾಲೇಜೂ ಇತ್ತು, ಅತ್ತೆಯ ಮಂಡಿಯ ಔಷಧಿಯೂ ಇತ್ತು.

ಸಂಜೆ ಡ್ಯೂಟಿ ಮುಗಿಸಿ ಬಂದ ಕಂಡಕ್ಟರು ತಮ್ಮ ಮನೆಯ ಮೆಟ್ಟಿಲ ಮೇಲೆ ಕೂತ ಜನರನ್ನು ದಾಟಲು, "ಒಳಗೆ ಹೋಗ್ರಪ್ಪ, ಮುಂದೆ ಜಾಗ ಖಾಲಿ ಇದೆ" ಎಂದರು. ಒಳಗೆ ಬಂದು ಹೆಂಡತಿಯ ಮುಖ ನೋಡಿದ ಮೇಲೆ ಜಾಗ ಎಲ್ಲೂ ಖಾಲಿ ಇಲ್ಲವೆಂದು ಅವರಿಗೆ ತಿಳಿಯಿತು.

"ನೀವಾದರೂ ಒಂದು ಮಾತು ಹೇಳ್ರೀ."

"ನಾನು ಹೇಳಿದರೆ ಕೇಳ್ತಾನಾ? ಮೂವತ್ತು ವರ್ಷದಿಂದ 'ಚಿಲ್ಲರೆ ಕೊಡಿ' ಅಂತಿದೀನಿ, ಅದನ್ನೇ ಯಾರೂ ಕೇಳಿಲ್ಲ."

ಏರ್ಪಾಟು ಒಗ್ಗಿದ್ದು ಅತ್ತೆಗೆ ಮಾತ್ರ. ಕಚೇರಿಯ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೈಯಿರುವ ಒಂದೇ ಕುರ್ಚಿ ಅವಳಿಗೆ ಮೀಸಲಾಯಿತು. ಅವಳ ಮಂಡಿನೋವಿನ ಕಥೆಯನ್ನು ಮನೆಯಲ್ಲಿ ಯಾರೂ ಪೂರ್ತಿ ಕೇಳಿರಲಿಲ್ಲ, ಈಗ ಮತ ಕೇಳಲು ಹೊರಟವರು ನಿಂತು ಕೇಳುತ್ತಿದ್ದರು, "ಹೌದಾ ಅಜ್ಜಿ?" ಎನ್ನುತ್ತಿದ್ದರು. ಪ್ರಜಾಪ್ರಭುತ್ವದ ಮೇಲೆ ಅವಳಿಗೆ ಒಮ್ಮೆಲೇ ಭಕ್ತಿ ಉಕ್ಕಿತು.

"ನಿನ್ನ ಮೆಷಿನ್ನಿನ ಗರಗರಕ್ಕಿಂತ ಇದೇ ವಾಸಿ ಕಣೆ," ಎಂದಳು ಸೊಸೆಗೆ. "ನಾಲ್ಕು ಜನ ಬರ್ತಾರೆ, ಹೋಗ್ತಾರೆ. ಮನೆ ಮನೆ ಹಾಗಿದೆ."

"ಬರೋ ನಾಲ್ಕು ಜನಕ್ಕೂ ಚಹಾ ಕಾಸೋಳು ನಾನು, ಅತ್ತೆ."

"ಕಾಸಿದರೆ ಕೈ ಸವೆಯುತ್ತಾ?"

ಅಡುಗೆಮನೆಯ ಒಲೆಯಿಂದ ಚಹಾದ ಪಾತ್ರೆ ಇಳಿಯಲೇ ಇಲ್ಲ. ಅನ್ನ ಬೇಯುವುದು ಚಹಾದ ಎರಡು ಸರದಿಗಳ ನಡುವೆ. ಮಗಳು ಪರೀಕ್ಷೆಯ ಪುಸ್ತಕವನ್ನು ಬಚ್ಚಲ ಕಟ್ಟೆಯ ಮೇಲೆ ತೆರೆದಿಟ್ಟು ಲೋಟ ತೊಳೆಯುತ್ತಿದ್ದಳು.

"ನಾನು ಓದ್ಲಾ, ಲೋಟ ತೊಳೀಲಾ?"

"ಎರಡೂ ಮಾಡು. ಅಣ್ಣ ಗೆದ್ದರೆ ನಿನಗೂ ಒಳ್ಳೇದೇ," ಎಂದ ಮಗ.

"ಲೋಟ ತೊಳೆಯೋ ಇಲಾಖೆ ಕೊಡಿಸ್ತಾರಾ?"

ಈ ಗದ್ದಲದಲ್ಲಿ ಟೈಲರಮ್ಮನ ಗಿರಾಕಿಗಳು ಗೇಟಿನವರೆಗೆ ಬಂದು, ಮೆಟ್ಟಿಲ ಮೇಲೆ ಕಾಲು ಚಾಚಿ ಕೂತ ಗಂಡಸರನ್ನು ನೋಡಿ, ಬಟ್ಟೆಯ ಚೀಲವನ್ನು ಕಂಕುಳಿಗೆ ಏರಿಸಿ ತಿರುಗಿ ಹೋಗುತ್ತಿದ್ದರು. ಅಷ್ಟು ಜನರ ಮಧ್ಯೆ ನಿಂತು ಸೊಂಟದ ಅಳತೆ ಕೊಡುವ ಹೆಂಗಸು ಯಾವ ಬೀದಿಯಲ್ಲಿದ್ದಾಳೆ?

ಅವಳ ಕೈಯಲ್ಲಿ ಉಳಿದದ್ದು ಶಾಲೆಯ ಕೆಲಸ. ಪಕ್ಕದ ರಸ್ತೆಯ ಶಾಲೆಗೆ ಪ್ರತಿ ವರ್ಷ ಸಮವಸ್ತ್ರ ಹೊಲಿಯುವವಳು ಅವಳೇ. ಚಿಕ್ಕವರಿಗೆ ಕಡುನೀಲಿ, ದೊಡ್ಡವರಿಗೆ ಕಪ್ಪು. ಮೇಜು ಸಿಮೆಂಟಣ್ಣನ ಕರಪತ್ರಗಳ ಕೆಳಗೆ ಮುಚ್ಚಿಹೋದದ್ದರಿಂದ ನಡುಮನೆಯ ನೆಲದ ಮೇಲೆ ಮಂಡಿಯೂರಿ ಕತ್ತರಿಸಿದಳು. ಹಳದಿ ಬಲ್ಬಿನ ಕೆಳಗೆ ಹೊಲಿದಳು. ಹೊಲಿಗೆಯಲ್ಲಿ ಒಂದು ಎಳೆ ತಪ್ಪಿರಲಿಲ್ಲ. ಶಾಲೆಯ ಅಂಗಳದಲ್ಲಿ ಗಂಟು ಬಿಚ್ಚಿದಾಗ ಮಾತ್ರ ಕಂಡಿತು: ಅರ್ಧಕ್ಕರ್ಧ ಕಡುನೀಲಿ ಚಡ್ಡಿಗಳಿಗೆ ಸೊಂಟಪಟ್ಟಿ ಕಪ್ಪು. ಹಳದಿ ಬಲ್ಬಿಗೆ ಎರಡೂ ಒಂದೇ.

ಹೆಡ್‌ಮಿಸ್ ಕೆಟ್ಟವರಲ್ಲ. ಒಂದು ಚಡ್ಡಿಯನ್ನು ಬಿಸಿಲಿಗೆ ಹಿಡಿದು ನೋಡಿ, ಮಡಚಿ, ವಾಪಸ್ ಕೊಟ್ಟರು. "ನಿಮ್ಮ ಕೈ ಈಗಲೂ ಚೆನ್ನಾಗಿದೆ. ಕಣ್ಣು ಮಾತ್ರ ಒಂದ್ಸಲ ತೋರಿಸ್ಕೊಂಡುಬಿಡಿ," ಎಂದರು. ಮುಂದಿನ ವರ್ಷದ ಕೆಲಸ ಅಂಗಡಿಗೆ ಕೊಡುತ್ತೇವೆಂದೂ ಅಷ್ಟೇ ಮೆಲ್ಲಗೆ ಹೇಳಿದರು.

ಆ ದಿನ ಊಟಕ್ಕೆ ಎಲ್ಲರೂ ಅಡುಗೆಮನೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ಟೈಲರಮ್ಮ ಮಗನ ತಟ್ಟೆಗೆ ಅನ್ನವನ್ನು ಹಾಕಿದಳೆನ್ನುವುದಕ್ಕಿಂತ ಎಸೆದಳು ಎನ್ನಬೇಕು.

"ಯಾವಾಗ ಖಾಲಿ ಮಾಡ್ತಾರೆ?"

"ರಿಸಲ್ಟ್ ಬರಲಿ ಅಮ್ಮ."

"ಬಂದ ಮೇಲೆ?"

"ಗೆದ್ದರೆ ಅಣ್ಣ ಮುಖ್ಯ ರಸ್ತೇಲಿ ದೊಡ್ಡ ಆಫೀಸು ಮಾಡ್ತಾರೆ. ಅವರೇ ಅಂದಿದಾರೆ."

"ಸೋತರೆ?"

ಮಗನ ತುತ್ತು ಕೈಯಲ್ಲೇ ನಿಂತಿತು. "ಯಾಕಮ್ಮ ಊಟದ ಹೊತ್ತಲ್ಲಿ ಇಂಥ ಮಾತು?"

"ಸೋತರೆ ಮಾರನೇ ದಿನವೇ ಖಾಲಿ," ಎಂದರು ಕಂಡಕ್ಟರು. "ಸೋತವರ ಆಫೀಸಿಗೆ ನೊಣಾನೂ ಬರಲ್ಲ. ಆದ್ದರಿಂದ ಡಾಕ್ಟರಿಗೇ ಹಾಕೋಣ. ನಮ್ಮ ಮನೆಯ ವೋಟೆಲ್ಲ ಕೋಣೆಗೆ."

"ನಾನು ಹೇಗೂ ಡಾಕ್ಟರಿಗೇ," ಎಂದಳು ಮಗಳು. ಅವಳಿಗೆ ಇದೇ ಮೊದಲ ಮತ. "ಕೋಣೆ ಇರಲಿ, ಇಲ್ಲದಿರಲಿ."

"ಮನೇಲಿ ಆಫೀಸಿಟ್ಕೊಂಡು ಎದುರು ಪಾರ್ಟಿಗೆ ಹಾಕ್ತೀರಾ? ನನ್ನ ಮರ್ಯಾದೆ ಏನಾಗಬೇಕು?"

"ಇದ್ದರೆ ತಾನೆ ಏನಾದರೂ ಆಗೋಕೆ?" ಎಂದಳು ಮಗಳು.

ಅತ್ತೆ ಇಬ್ಬರಿಗೂ ಬೈದಳು. ಟೈಲರಮ್ಮ ಮಾತ್ರ ಯೋಚಿಸುತ್ತಿದ್ದಳು. ಸೋತವನು ಹೋಗುತ್ತಾನೆಂದು ಏನು ಭರವಸೆ? ಸೋತವನಿಗೆ ಬೇರೆ ಕಡೆ ಯಾರು ಜಾಗ ಕೊಡುತ್ತಾರೆ? ಪುಗಸಟ್ಟೆ ಸಿಕ್ಕ ಕೋಣೆಗೆ ಜೋತುಬಿದ್ದು ಮುಂದಿನ ಚುನಾವಣೆಗೆ ಕಾಯುತ್ತಾನೆ. ಬೆಳೆದ ಮಗುವಿಗೆ ಹಳೆಯ ಅಂಗಿ ಹಿಡಿಸುವುದಿಲ್ಲ. ಬೈದರೂ ಹೊಡೆದರೂ ತೊಡಿಸಲಾಗುವುದಿಲ್ಲ. ಗೆದ್ದವನಿಗೆ ಈ ಕೋಣೆ ಅದೇ ರೀತಿ ಚಿಕ್ಕದಾಗುತ್ತದೆ. ಮೈಗೆ ಅಂಗಿ ಹೊಂದುತ್ತದೋ ಇಲ್ಲವೋ ಎಂಬುದನ್ನು ಒಂದು ನೋಟಕ್ಕೆ ಹೇಳುವವಳಿಗೆ ಈ ಲೆಕ್ಕ ಎಷ್ಟು ಸರಿಯೆನಿಸಿತೆಂದರೆ ಅದನ್ನು ಯಾರ ಹತ್ತಿರವೂ ಚರ್ಚಿಸಲಿಲ್ಲ.

ಗಿರಾಕಿಗಳು ಬರುವುದಿಲ್ಲವೆಂದ ಮೇಲೆ ಅವಳೇ ಟೇಪನ್ನು ಕೊರಳಿಗೆ ಹಾಕಿಕೊಂಡು ಮನೆಮನೆಗೆ ಹೊರಟಳು. ಎದೆ, ಸೊಂಟ, ತೋಳು ಅಳೆಯುತ್ತ, ಬಾಯಲ್ಲಿದ್ದ ಗುಂಡುಸೂಜಿಯನ್ನು ತೆಗೆದು, "ಈ ಸಲ ಸಿಮೆಂಟಿನವರಿಗೇ ಹಾಕಿಬಿಡಿ, ಆಯ್ತಾ?" ಎನ್ನುತ್ತಿದ್ದಳು. ಯಾವತ್ತೂ ಯಾರನ್ನೂ ಏನನ್ನೂ ಕೇಳದವಳು. ಅಂಗೈಯಗಲ ಬಟ್ಟೆ ಮಿಕ್ಕರೂ ಮಡಚಿ ವಾಪಸ್ ಕೊಡುವವಳು. ಅವಳೇ ಹೇಳಿದ ಮೇಲೆ ಏನೋ ಇರಬೇಕೆಂದು ಹೆಂಗಸರು ತಲೆಯಾಡಿಸಿದರು. ಮಗ ಮೈಕು ಕಟ್ಟಿಕೊಂಡು ಕೂಗಿ ಬದಲಿಸಲಾಗದ ಮನಸ್ಸುಗಳನ್ನು ತಾಯಿ ಟೇಪಿನಲ್ಲಿ ಬದಲಿಸಿದಳು.

ನರ್ಸಮ್ಮ ಒಬ್ಬಳು ಮಾತ್ರ ಸುಲಭವಾಗಿ ಬಗ್ಗಲಿಲ್ಲ. ಎದುರು ಸಾಲಿನ ಮನೆಯವಳು, ಹಳೆಯ ಗೆಳತಿ; ಡಾಕ್ಟರ ಕೈಕೆಳಗೆ ವರ್ಷಾನುಗಟ್ಟಲೆ ದುಡಿದವಳು.

"ಅವನಿಗೆ ಹಾಕು ಅಂತೀಯಾ? ಉಫ್ ಅಂದ್ರೆ ಬಿದ್ದ ಗೋಡೆ ಕಟ್ಟಿಸಿದವನಿಗೆ?"

"ಗೋಡೆ ಬಿದ್ದದ್ದು ನಿಜ. ಕೈ ಎತ್ತು."

"ಮಗನಿಗೆ ಕೆಲಸ ಕೊಡಿಸ್ತಾನಂತಾ?"

"ಅವನ ಕೆಲಸದ ಮನೆ ಹಾಳಾಗ. ನನಗೆ ನನ್ನ ಕೋಣೆ ಬೇಕು ಕಣೆ. ಗೆದ್ದರೆ ಮುಖ್ಯ ರಸ್ತೆಗೆ ಹೋಗ್ತಾನಂತೆ."

ನರ್ಸಮ್ಮ ಎತ್ತಿದ ಕೈಯನ್ನು ಹಾಗೇ ಇಟ್ಟುಕೊಂಡು ನಕ್ಕಳು. "ಒಂದು ಕೋಣೆಗೋಸ್ಕರ ಒಂದು ಸರ್ಕಾರಾನೇ ಕೊಡ್ತೀಯಾ?"

"ಕೋಣೆ ನನ್ನ ಕಣ್ಣಿಗೆ ಕಾಣುತ್ತೆ. ಸರ್ಕಾರ ಯಾವ ಕಡೆ ಇದೆ, ನೀನೇ ತೋರಿಸು."

ಟೈಲರಮ್ಮ ಸುತ್ತಿದ ಟೇಪನ್ನು ಮತ್ತೆ ಬಿಚ್ಚಿ ಅದೇ ತೋಳನ್ನು ಎರಡನೇ ಸಲ ಅಳೆದಳು. ಅದನ್ನು ನೋಡಿ ನರ್ಸಮ್ಮ ನಗುವುದನ್ನು ನಿಲ್ಲಿಸಿದಳು. "ಆಯ್ತು ಬಿಡು. ನನ್ನದೊಂದು ವೋಟಿನಿಂದ ಡಾಕ್ಟರೇನೂ ಮುಳುಗಲ್ಲ. ನಮ್ಮಕ್ಕಂಗೂ ಹೇಳ್ತೀನಿ."

ಮತದಾನದ ದಿನ ಎಲ್ಲರೂ ಒಟ್ಟಿಗೆ ಹೋಗಿ ಬೇರೆ ಬೇರೆ ಗುಂಡಿ ಒತ್ತಿ ಒಟ್ಟಿಗೆ ಬಂದರು. ಅತ್ತೆಯನ್ನು ಕಾರ್ಯಕರ್ತರು ಕುರ್ಚಿಸಮೇತ ಹೊತ್ತುಕೊಂಡು ಹೋದರು. "ನೀನು ಯಾರಿಗೆ ಹಾಕಿದೆ?" ಎಂದು ಕಂಡಕ್ಟರು ಹೆಂಡತಿಯನ್ನು ಕೇಳಿದರು. "ಕೋಣೆಗೆ," ಎಂದಳು. ಅವರು ತಮ್ಮ ಮಾತು ನಡೆಯಿತೆಂದುಕೊಂಡು ಆ ವಾರವೆಲ್ಲ ಸಂತೋಷವಾಗಿದ್ದರು.

ಎಣಿಕೆಯ ದಿನ ಮುಂದಿನ ಕೋಣೆಗೆ ದೊಡ್ಡ ಟಿವಿ ಬಂತು. ಸಿಮೆಂಟಣ್ಣ ಒಂದು ಸುತ್ತಿನಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಆಮೇಲೆ ಹಿಂದೆಯೇ. ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲ ಮೇಲಿನ ಜನ ಒಬ್ಬೊಬ್ಬರಾಗಿ ಕರಗಿದರು. ಅತ್ತೆಯ ಕುರ್ಚಿಯಲ್ಲಿ ಯಾರೋ ಬೂಟುಗಾಲು ಇಟ್ಟು ಕೂತರು. ಮಗ ಉಗುರು ಕಚ್ಚುತ್ತಿದ್ದ. ಕೊನೆಗೆ ಉಳಿದದ್ದು ಈ ಬಡಾವಣೆಯ ಮತಗಳು. ಟೈಲರಮ್ಮ ಚಹಾದ ಪಾತ್ರೆ ಹಿಡಿದು ನಡುಮನೆಯ ಬಾಗಿಲಲ್ಲಿ ನಿಂತಿದ್ದಳು. ಚಹಾ ಆರಿ ಕೆನೆಗಟ್ಟಿತ್ತು.

ಆಮೇಲೆ ಎದ್ದ ಕೂಗಿಗೆ ಬೀದಿ ನಾಯಿಗಳು ಓಡಿಹೋದವು. ಅಂತರ ಎಷ್ಟೆಂದು ತಿಳಿದಾಗ ಕಂಡಕ್ಟರು, "ನಿಂತವರನ್ನೂ ಸೇರಿಸಿದರೆ ಎರಡು ಬಸ್ಸು," ಎಂದರು.

ಮಗಳು ಅಮ್ಮನ ಮುಖ ನೋಡಿದಳು. ಅಲ್ಲಿ ನಗುವಿತ್ತು. "ನೀನ್ಯಾಕೆ ನಗ್ತಿದೀಯಾ?"

"ಸುಮ್ನಿರು. ಮೆಷಿನ್ನಿಗೆ ಎಣ್ಣೆ ಎಲ್ಲಿಟ್ಟೆ?"

ಎಲ್ಲರೂ ಪಟಾಕಿಯ ಹೊಗೆಯಲ್ಲಿ ಕುಣಿಯುತ್ತಿದ್ದಾಗ ಅವಳು ನಡುಮನೆಯಲ್ಲಿ ಕೂತು ಯಂತ್ರದ ಚಕ್ರಕ್ಕೆ, ಕಾಲುಮಣೆಗೆ, ಸೂಜಿಯ ಸಂದಿಗೆ ಎಣ್ಣೆ ಬಿಟ್ಟಳು. ಸಂಜೆ ಸಿಮೆಂಟಣ್ಣನೇ ಬಂದ. ಕೊರಳಲ್ಲಿ ಹೂವಿನ ಹಾರ, ಕೂಗಿ ಕೂಗಿ ಒಡೆದ ಗಂಟಲು. ಅವಳ ಮೇಜಿನ ಮೇಲೆ ಕೈಯಿಟ್ಟು ಭಾಷಣ ಮಾಡಿದ.

"ಎಲ್ಲಾ ಕಡೆ ನಾನು ಹಿಂದೆ ಇದ್ದೆ. ಕೈ ಹಿಡಿದದ್ದು ಈ ಬಡಾವಣೆ. ಈ ಬೀದಿ ಹೆಂಗಸರು! ಯಾಕೆ ಹಿಡಿದರು, ಹೇಗೆ ಹಿಡಿದರು, ಸತ್ಯವಾಗಿ ಹೇಳ್ತೀನಿ, ನನಗೇ ಗೊತ್ತಿಲ್ಲ. ಇದು ಈ ಕೋಣೆ ಅದೃಷ್ಟ. ಮುಖ್ಯ ರಸ್ತೇಲಿ ಆಫೀಸು ನೋಡಿದಾರಂತೆ. ಯಾರಿಗೆ ಬೇಕು ಸ್ವಾಮಿ? ನಾನು ಶಾಸಕನಾಗಿರೋವರೆಗೆ ನನ್ನ ಆಫೀಸು ಇದೇ!"

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಮಗ. ಲೋಟಗಳ ತಟ್ಟೆ ಹಿಡಿದು ಬಂದಿದ್ದ ಟೈಲರಮ್ಮ ಹಾಗೇ ಹಿಂದಕ್ಕೆ ಹೋದಳು. ಅಡುಗೆಮನೆಯ ಗೋಡೆಗೆ ಒರಗಿ ಕೂತು, ಗಂಡನಿಗೆ ಎಲ್ಲವನ್ನೂ ಹೇಳಿದಳು: ಟೇಪು, ಮನೆಮನೆ, ನರ್ಸಮ್ಮ. ಕಂಡಕ್ಟರು ಹೇಳಿದರು: "ನಿನ್ನ ಅಳತೆ ತಪ್ಪಿರಲಿಲ್ಲ ಕಣೆ. ಅವನು ಮೈ ಕುಗ್ಗಿಸ್ಕೊಂಡುಬಿಟ್ಟ."

ಮಗಳು ಕೇಳಿಸಿಕೊಂಡಿದ್ದಳು. "ಎರಡು ಬಸ್ಸಿನ ಜನ, ಅಮ್ಮ! ನೀನೇ ಹತ್ತಿಸಿದ್ದು!"

"ನನಗೇನು ಗೊತ್ತಿತ್ತು?"

"ಮೋರಿ ಗೋಡೆ ಗೊತ್ತಿತ್ತಲ್ಲ. ಅದು ಸಾಕಾಗಲಿಲ್ವಾ?"

"ನಿನ್ನ ಫೀಸು ಯಾವುದರಲ್ಲಿ ಬರುತ್ತೆ ಅಂದ್ಕೊಂಡೆ? ಮೋರಿ ಗೋಡೇಲಾ?"

ಮಗಳು ಆ ದಿನ ಊಟ ಮಾಡಲಿಲ್ಲ. ಮರುದಿನವೂ ತಾಯಿ ಬಡಿಸಿದ್ದನ್ನು ಬಿಟ್ಟು ತಾನೇ ಬಡಿಸಿಕೊಂಡು ತಿಂದಳು.

ವಾರಗಳು ಕಳೆದಂತೆ ಕೋಣೆ ಮೈ ತುಂಬಿಕೊಂಡಿತು. ನೆಲಕ್ಕೆ ಹೊಳೆಯುವ ಹಾಸು, ಗೋಡೆಗೆ ಬಣ್ಣ. ಕಿಟಕಿಯನ್ನು ಅರ್ಧ ಮುಚ್ಚಿ ಏಸಿ. ಉಳಿದರ್ಧಕ್ಕೆ ಶಾಸಕರು ಕೈಮುಗಿದು ನಗುವ ಚಿತ್ರ. ನಡುಮನೆಗೆ ಇದ್ದ ಬಾಗಿಲಿಗೆ ಕಬ್ಬಿಣದ ಬೀರು ಅಡ್ಡ ನಿಂತಿತು. ಮನೆಯವರು ಹಿತ್ತಿಲ ಬಾಗಿಲಿನಿಂದ ಓಡಾಡತೊಡಗಿದರು. ಅತ್ತೆಯ ಕೈಯಿರುವ ಕುರ್ಚಿಯಲ್ಲಿ ಈಗ ಗುತ್ತಿಗೆದಾರರು ಕೂರುತ್ತಿದ್ದರು. ಒಂದು ದಿನ ಅವಳು ಸುತ್ತಿ ಬಳಸಿ ಹೋಗಿ ಮಂಡಿನೋವಿನ ಮಾತೆತ್ತಿದಾಗ ಯಾರೋ, "ಅಜ್ಜಿ, ಬುಧವಾರ ಬನ್ನಿ" ಎಂದರಂತೆ. ಮಗ ಮೇಜಿನ ಹಿಂದೆ ಎರಡು ಫೋನು ಇಟ್ಟುಕೊಂಡು ಕೂತ.

"ಸಂಬಳ ಎಷ್ಟೋ?" ಎಂದು ಕಂಡಕ್ಟರು ಕೇಳಿದರು.

"ಇದು ಸೇವೆ ಅಪ್ಪ."

"ಹಾಗಾದರೆ ನಿನ್ನ ಊಟ ನಮ್ಮ ಸೇವೆ."

ಒಂದು ಮಧ್ಯಾಹ್ನ ಹಿತ್ತಿಲ ಬಾಗಿಲಿಗೆ ನರ್ಸಮ್ಮ ಬಂದಳು. ಅಳತೆ ಕೊಟ್ಟಿದ್ದ ಬಿಳಿ ಕೋಟು ಹೊಲಿದು ಸಿದ್ಧವಾಗಿತ್ತು. ಅವಳು ಅದನ್ನು ಮುಟ್ಟಲಿಲ್ಲ.

"ವರ್ಗ ಮಾಡಿದಾರೆ. ಎರಡು ಬಸ್ಸು ಬದಲಾಯಿಸಿ ಹೋಗಬೇಕಾದ ಊರಿಗೆ. ಡಾಕ್ಟರ ಜೊತೆ ಕೆಲಸ ಮಾಡಿದವರನ್ನೆಲ್ಲ ಎತ್ತಿ ಒಗೀತಿದಾರೆ."

"ನೀನು ಅವನಿಗೇ ಹಾಕಿದೆಯಲ್ಲೇ!"

"ಅದನ್ನ ಯಾರಿಗೆ ತೋರಿಸ್ಲಿ? ನಿನ್ನ ಮಗನ ಹತ್ತಿರ ಹೋಗಿದ್ದೆ. ಅರ್ಜಿ ಕೊಟ್ಟು ಹೋಗಿ ಆಂಟಿ ಅಂದ. ನಮ್ಮಮ್ಮನ್ನ ಈ ವಯಸ್ಸಲ್ಲಿ ಯಾರ ಹತ್ತಿರ ಬಿಟ್ಟು ಹೋಗ್ಲಿ ಅಂತ ಕೇಳಿದರೆ, ಫೋನು ಬಂತು ಅಂತ ಎದ್ದು ಹೋದ."

ಟೈಲರಮ್ಮ ಕೋಟನ್ನು ಮಡಚಿ ಮುಂದೆ ಹಿಡಿದಳು. ನರ್ಸಮ್ಮ ಹೊಲಿಗೆಯ ದುಡ್ಡನ್ನು ಯಂತ್ರದ ಮೇಲಿಟ್ಟು, ಕೋಟು ತೆಗೆದುಕೊಂಡು, "ನಿನ್ನ ಕೋಣೆಯಾದರೂ ಸಿಕ್ಕಿದ್ದರೆ ಇಷ್ಟು ಉರೀತಿರಲಿಲ್ಲ," ಎಂದು ಹೋದಳು.

ಆ ರಾತ್ರಿಯೂ ಮರುದಿನವೂ ಟೈಲರಮ್ಮ ಮಗನ ಜೊತೆ ಮಾತಾಡಲಿಲ್ಲ. ಶಾಸಕರು ಜನರ ಅಹವಾಲು ಕೇಳುವ ಬುಧವಾರ ಒಳ್ಳೆಯ ಬಟ್ಟೆ ಉಟ್ಟು, ಹಿತ್ತಿಲಿನಿಂದ ಹೊರಟು, ಬೀದಿ ಸುತ್ತಿ ಬಂದು, ತನ್ನ ಮನೆಯ ಮೆಟ್ಟಿಲ ಹತ್ತಿರ ಸಾಲಿನ ಕೊನೆಯಲ್ಲಿ ನಿಂತಳು. ಸಾಲಿನಲ್ಲಿದ್ದ ಹೆಂಗಸರಲ್ಲಿ ಅವಳು ಅಳತೆ ತೆಗೆದವರೇ ಹೆಚ್ಚು. ಮೊದಲಾಗಿದ್ದರೆ ಮುಂದೆ ಬಿಡುತ್ತಿದ್ದರು. ಈಗ ಯಾರೂ ಜರುಗಲಿಲ್ಲ.

ಅವಳ ಸರದಿ ಬಂದಾಗ ಬಾಗಿಲಲ್ಲಿ ಕೂತಿದ್ದ ಮಗ ಬೆಚ್ಚಿ ಎದ್ದ. "ಅಮ್ಮ! ಏನಾದರೂ ಬೇಕಿದ್ದರೆ ಮನೇಲಿ ಹೇಳಬಾರದಾ?"

"ಮನೇಲೇ ಇದೀನಲ್ಲ."

ಒಳಗೆ ಶಾಸಕರು ಅವಳ ಮೇಜಿಗೆ ಮೊಣಕೈ ಊರಿ ಕೂತಿದ್ದರು. ಪಕ್ಕದಲ್ಲಿ ಪತ್ರಿಕೆಯ ಫೋಟೋಗ್ರಾಫರು.

"ಓ, ನಮ್ಮ ಮನೆ ಯಜಮಾನಿ! ಬನ್ನಿ ತಾಯಿ. ಹೇಳಿ, ಏನಾಗಬೇಕು?"

"ನಾನು ಹೊಲೀಬೇಕು," ಎಂದಳು. "ಹೊಲಿಗೆ ನಿಂತುಹೋಗಿದೆ. ನನ್ನ—"

"ಸಾಕು!" ಶಾಸಕರು ಕೈಯೆತ್ತಿದರು. "ನೋಡಿದ್ರಾ? ಎಲ್ಲರೂ ಬಂದು ಅದು ಕೊಡಿ, ಇದು ಕೊಡಿ ಅಂತಾರೆ. ಈ ತಾಯಿ ದುಡೀತೀನಿ ಅಂತಾಳೆ! ಇಂಥವರಿಗಾಗೇ ಯೋಜನೆ ಇರೋದು. ಮೂಲೇಲಿ ಒಂದು ಇದೆಯಲ್ಲ, ತಗೊಂಡು ಬನ್ರೋ."

"ಅದಲ್ಲ ಸ್ವಾಮಿ, ನಾನು ಕೇಳಿದ್ದು—"

ಬೀರುವಿನ ಪಕ್ಕದಿಂದ ಹೊಸ ಹೊಲಿಗೆ ಯಂತ್ರದ ಪೆಟ್ಟಿಗೆ ಬಂತು. ಪೆಟ್ಟಿಗೆಯ ನಾಲ್ಕೂ ಮಗ್ಗುಲಲ್ಲಿ ಶಾಸಕರು ಕೈಮುಗಿದಿದ್ದರು. ಅದನ್ನು ಅವಳ ಕೈಗೆ ಒರಗಿಸಿ, ಹಿಂದಿನಿಂದ ಇಬ್ಬರು ಹಿಡಿದುಕೊಂಡರು. ಬಾಗಿಲಲ್ಲಿ ಸಾಲಿನ ಹೆಂಗಸರು ಇಣುಕಿ ನೋಡುತ್ತಿದ್ದರು. ಒಬ್ಬಳು ಇನ್ನೊಬ್ಬಳಿಗೆ ಹೇಳಿದ್ದು ಎಲ್ಲರಿಗೂ ಕೇಳುವಷ್ಟು ಸ್ಪಷ್ಟವಾಗಿತ್ತು: "ಓಹೋ! ನಮ್ಮ ಕೈಲೆಲ್ಲ ಅವನಿಗೆ ಹಾಕ್ಸಿದ್ದು ಇದಕ್ಕಾ?"

"ಸ್ವಲ್ಪ ನಗಿ ಅಮ್ಮ," ಎಂದರು ಫೋಟೋಗ್ರಾಫರು.

"ಅಮ್ಮ, ನಗು," ಎಂದ ಮಗ, ಮೆಲ್ಲಗೆ, ಬೇಡಿಕೊಳ್ಳುವ ದನಿಯಲ್ಲಿ.

ಪೆಟ್ಟಿಗೆಯನ್ನು ಬೀದಿ ಸುತ್ತಿಸಿ, ಹಿತ್ತಿಲ ಬಾಗಿಲಿನಿಂದ ತಂದು, ಅಡುಗೆಮನೆಯಲ್ಲಿಟ್ಟು ಹೋದರು. ಒಲೆಗೂ ಬಾಗಿಲಿಗೂ ನಡುವೆ ಊಟಕ್ಕೆ ಕೂರುತ್ತಿದ್ದ ಜಾಗವನ್ನೆಲ್ಲ ಅದು ಹಿಡಿಯಿತು. ಕಂಡಕ್ಟರು ಡ್ಯೂಟಿಯಿಂದ ಬಂದು ಪೆಟ್ಟಿಗೆಯನ್ನು ನೋಡಿದರು, ನಡುಮನೆಯಲ್ಲಿದ್ದ ಹಳೆಯ ಯಂತ್ರವನ್ನು ನೋಡಿದರು.

"ಇದನ್ನ ಎಲ್ಲಿಡೋಣ?"

"ಸಾಲಲ್ಲಿ ನಿಂತು ಕೇಳ್ಕೊಂಡು ಬನ್ನಿ," ಎಂದಳು ಟೈಲರಮ್ಮ.

ಕಂಡಕ್ಟರು ನಗಲಿಲ್ಲ. ಹೊರಗಿನಿಂದ ಮಗ ಕೂಗಿದ: ಆರು ಚಹಾ. ಮಗಳು ಪುಸ್ತಕ ಮುಚ್ಚಿ ಪಾತ್ರೆಯನ್ನು ಒಲೆಯ ಮೇಲಿಟ್ಟಳು. ಪೆಟ್ಟಿಗೆಯನ್ನು ದಾಟಿ ಒಲೆಯನ್ನು ತಲುಪಲು ಅವಳು ಗೋಡೆಗೆ ಮೈ ಒತ್ತಿ ಅಡ್ಡಡ್ಡ ನಡೆಯಬೇಕಾಯಿತು.